ಹಿಪ್ಪುನೇರಳೆಯ ಪಾಕ

ನಮ್ಮ ಸೋದರಮಾವನಿಗೆ ಬುದ್ಧಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಧಾರಾಳವಾಗಿ ಇತ್ತು. ಅವನು ಅದನ್ನು ಉಪಯೋಗಿಸಿದಾಗಲೆಲ್ಲ ಉಳಿದವರು ಮನೆ ಬಿಟ್ಟು ಓಡಬೇಕಾಗುತ್ತಿತ್ತು, ಅಷ್ಟೆ.

ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ಕಾಲ. ರಜೆಗೆಂದು ಚಂದಕವಾಡಿಯ ಮಾವನ ಮನೆಗೆ ಹೋಗಿದ್ದೆ. ಗುಂಡ್ಲುಪೇಟೆಗೆ ಹೋಗಿದ್ದ ಮಾವ ಅಲ್ಲಿನ ಸಾಬರ ಅಂಗಡಿಯಿಂದ ಬೆಲ್ಲ ತಂದ. ಬೆಲ್ಲ ಸುತ್ತಿದ್ದುದು ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ. ಓದಿ ಹೇಳು ಎಂದ. ಕೆನಡಾ ದೇಶದಲ್ಲಿ ಮೇಪಲ್ ಎಂಬ ಮರಕ್ಕೆ ತೂತು ಕೊರೆದು, ಇಳಿದ ನೀರನ್ನು ಮನೆಯಲ್ಲೇ ಕುದಿಸಿ, ಹಬೆಯೆಲ್ಲ ಹೋಗಿ ಜೇನಿನಂತಾಗುವವರೆಗೂ ಬತ್ತಿಸುತ್ತಾರಂತೆ. ಮಾವ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಚಿತ್ರದಲ್ಲಿದ್ದ ಎಲೆಯನ್ನೇ ನೋಡುತ್ತಿದ್ದ.

"ಇದು ನಮ್ಮ ಹಿಪ್ಪುನೇರಳೆ ಕಣಮ್ಮಿ."

"ಅಲ್ಲ ಮಾವ, ಅದು ಬೇರೆ ಮರ."

"ಹುಟ್ಟಿದಾಗ್ಲಿಂದ ಸೊಪ್ಪು ಕುಯ್ದಿರೋನ್ ನಾನು. ಅವರೂರಲ್ಲಿ ಬೇರೆ ಹೆಸರು ಇಕ್ಕವ್ರೆ, ಅಷ್ಟೇಯ."

ರೇಷ್ಮೆ ಸಾಕುವ ಊರಿನಲ್ಲಿ ಬೆಳೆದವನಿಗೆ ಅಂಚು ಸೀಳಿದ ಎಲೆಗಳೆಲ್ಲ ಹಿಪ್ಪುನೇರಳೆಯೇ. ಬೆಲ್ಲವನ್ನು ಕೈಯಲ್ಲಿಟ್ಟುಕೊಂಡು, ಬೆಲ್ಲ ಸುತ್ತಿದ ಕಾಗದ ನೋಡಿ ಸಿಹಿ ಹುಡುಕಲು ಹೊರಟ ಮನುಷ್ಯನಿಗೆ ಬಿ.ಎ. ವಿದ್ಯಾರ್ಥಿನಿ ಏನು ಹೇಳಬಲ್ಲಳು?

ಹಿತ್ತಿಲಿನ ಹಳೇ ಹಿಪ್ಪುನೇರಳೆ ಮರಕ್ಕೆ ಬೈರಿಗೆಯಿಂದ ತೂತು ಕೊರೆದ. ಸಂಜೆಯ ಹೊತ್ತಿಗೆ ಅರ್ಧ ಲೋಟ ಬಿಳಿ ಸೊನೆ ಸಿಕ್ಕಿತು.

"ಅವರಿಗೆ ನೀರು, ನಮಗೆ ಹಾಲು. ಯಾವ್ದು ಮೇಲು?"

ಸೊನೆ ಕಡಿಮೆಯಾಯಿತೆಂದು ಬಾವಿಯ ನೀರು ಬೆರೆಸಿದ. ಕುದಿಸಿದರೆ ಹೇಗೂ ಹೋಗುವ ನೀರಲ್ಲವೇ, ಎಷ್ಟು ಹಾಕಿದರೇನು?

ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಕಲ್ಲು ಹೂಡಿ ಒಲೆ ಹಚ್ಚಿದ. ಅದೇ ಹೊತ್ತಿಗೆ ಅತ್ತೆಯ ರೇಷ್ಮೆಹುಳುಗಳು ಹಣ್ಣಾಗಿ, ಸೊಪ್ಪು ತಿನ್ನುವುದು ಬಿಟ್ಟು, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗಳನ್ನು ಏರಿದ್ದವು. ಹಿಂದಿನ ಬೆಳೆ ಪೂರ್ತಿ ಸತ್ತಿತ್ತು. ಇದೂ ಹೋದರೆ ಇನ್ನು ಹುಳು ಸಾಕುವುದೇ ಇಲ್ಲ ಎಂದು ಅತ್ತೆ ಹೇಳಿಬಿಟ್ಟಿದ್ದಳು. ಚಂದ್ರಿಕೆಗಳನ್ನು ಹಿತ್ತಿಲ ಜಗುಲಿಯ ಮೇಲೆ ಗಾಳಿಗೆ ಒರಗಿಸಿದ್ದಳು.

"ನನ್ ಹುಳಕ್ಕೆ ಹಬೆ ಗಿಬೆ ತಾಕ್ತೋ, ನಿನ್ನೇ ಒಲೆಗೆ ಇಕ್ಬುಡ್ತೀನಿ," ಎಂದಳು.

ಮಾವ ತಲೆಯಾಡಿಸಿದ. ಸೀಮೆಣ್ಣೆ ಡಬ್ಬಿಗೆ ಸೊನೆ ಸುರಿದು, ಒಂದೆಳೆ ಹಬೆಯೂ ಹೊರಬರದಂತೆ ಮುಚ್ಚಳವನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಒಲೆಯ ಮೇಲಿಟ್ಟ.

"ಹಬೆ ಹೋಗದಿದ್ದರೆ ಪಾಕ ಆಗೋದು ಹೇಗೆ ಮಾವ?"

"ಒಳಗೇ ಆಯ್ತದೆ ಬುಡು."

ನಾನು ಜಗುಲಿಯ ಅಂಚಿನಲ್ಲಿ ಕುಳಿತು ನಗುತ್ತಿದ್ದೆ. ಬಾಯಾರಿ ನೀರು ಕುಡಿಯಲು ಎದ್ದೆ. ಹಿಂದೆ ಸಿಡಿಲು ಬಡಿದಂತಾಯಿತು. ತಿರುಗಿದರೆ, ನಾನು ಕುಳಿತಿದ್ದ ಜಾಗದ ಹಿಂದಿನ ಮಣ್ಣುಗೋಡೆಯಲ್ಲಿ ಡಬ್ಬಿಯ ಮುಚ್ಚಳ ನಾಟಿಕೊಂಡಿತ್ತು, ಸರಿಯಾಗಿ ನನ್ನ ಕತ್ತಿನ ಎತ್ತರಕ್ಕೆ. ಬಾಯಾರದೆ ಹೋಗಿದ್ದರೆ ಮಾವನ ಪ್ರತಾಪವನ್ನು ಬೇರೆ ಯಾರಾದರೂ ಬರೆಯಬೇಕಾಗಿತ್ತು. ಇಂದಿಗೂ ಒಲೆಯ ಮೇಲೆ ಮುಚ್ಚಿದ ಪಾತ್ರೆ ಕಂಡರೆ ನನ್ನ ಕೈ ತಾನಾಗಿಯೇ ಕತ್ತಿಗೆ ಹೋಗುತ್ತದೆ.

ಒಲೆಯ ಕೊಳ್ಳಿಯೊಂದು ಹಾರಿ ಚಂದ್ರಿಕೆಗಳ ನಡುವೆ ಬಿದ್ದಿತ್ತು. ಮಾವ ಅದನ್ನು ಎರಡೂ ಕೈಗಳಲ್ಲಿ ಬಾಚಿ ಹೊರಗೆಸೆದ. ಜಗುಲಿಯ ತುಂಬ ಹೊಗೆ. ಮೊರ ಹಿಡಿದು ಬೀಸತೊಡಗಿದ. ಅವನ ಅಂಗೈಯಲ್ಲಿ ಬೊಬ್ಬೆಗಳು ಏಳುತ್ತಿದ್ದವು. ನಾನು ಒಳಗಿಂದ ಕೊಬ್ಬರಿ ಎಣ್ಣೆ ತಂದೆ.

"ಆಚೆ ತಗೊಂಡೋಗು. ಎಣ್ಣೆ ವಾಸ್ನೆಗೆ ಹುಳ ಗೂಡು ಕಟ್ಟಕ್ಕಿಲ್ಲ," ಎಂದ, ಬೀಸುವುದನ್ನು ನಿಲ್ಲಿಸದೆ.

ಅತ್ತೆ ಬೈಯುತ್ತಲೇ ಓಡಿ ಬಂದಳು. "ಮರ ಕೊರ್ದೆ, ಕೂಸನ್ನ ಕೊಲ್ತಿದ್ದೆ, ಇನ್ನೇನ್ ಉಳಿಸಿದ್ದೀಯ?"

"ಆಮೇಲ್ ಬೈಯಿವಂತೆ. ತಲೆ ಆಡಿಸ್ತಾವಾ ನೋಡು."

ನೂಲು ತೆಗೆಯುವ ಹುಳು ತಲೆ ಆಡಿಸುತ್ತಲೇ ಇರುತ್ತದೆ. ನಿಲ್ಲಿಸಿತೆಂದರೆ ಬೆಳೆ ಹೋದಂತೆ. ಅತ್ತೆ ಒಂದೊಂದು ಚಂದ್ರಿಕೆಯ ಹತ್ತಿರವೂ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಆಡಿಸ್ತಾವೆ," ಎಂದಳು.

ಮಾವ ಆಗ ಮೊರ ಕೆಳಗಿಟ್ಟ. ಅತ್ತೆ ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಕುಳಿತಳು. ಹುಳುಗಳ ಹತ್ತಿರ ಎಣ್ಣೆ ಹಚ್ಚುವಂತಿರಲಿಲ್ಲ. ಅಂಗೈಗಳನ್ನು ಬಾಯಿಯ ಹತ್ತಿರ ತಂದುಕೊಂಡು, ಮೆಲ್ಲಗೆ ಊದುತ್ತಾ ಇದ್ದಳು.