ಟೀವಿಯ ಕೊಲೆಗೆ ಊರಲ್ಲಿ ಕ್ಷಮೆ

ಬಸ್ಸು ಓಡಿಸಿಕೊಂಡು ಸುಖವಾಗಿದ್ದ ಪೆಸಮಿನೊಗೆ ಟೀವಿ ಧಾರಾವಾಹಿಯಲ್ಲಿ ಕೊಲೆ ಮಾಡುವ ಬುದ್ಧಿ ಯಾಕಾದರೂ ಬಂತೋ! ರಾಜಧಾನಿ ಆಪಿಯಾದಿಂದ ಬಂದ ಟೀವಿಯವರು ಅವನ ಭುಜದ ಅಗಲಕ್ಕೆ ಮಾರುಹೋಗಿ ಒಂದು ಪಾತ್ರ ಕೊಟ್ಟರು. ಅಂಗಡಿಯ ಮುದುಕಿಯೊಬ್ಬಳ ಕತ್ತು ಹಿಸುಕಬೇಕು, ಆಮೇಲೆ ಓಡಿಹೋಗಬೇಕು. ಯಾಕೆ ಹಿಸುಕಬೇಕು ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆ ಕಂತು ಬಂದದ್ದೇ ತಡ, ಸವಾಯಿ ದ್ವೀಪದ ನಮ್ಮೂರಿಗೆ ಊರೇ ಮುಖ ಸಿಂಡರಿಸಿತು. ಬಸ್ಸು ಖಾಲಿ ಓಡಿತು. ಅದಾದರೂ ಹೋಗಲಿ, ತೀರಿಹೋದ ದೊಡ್ಡಪ್ಪನ ಮತಾಯಿ ಪದವಿ, ಅಂದರೆ ಇಡೀ ಮನೆತನದ ಯಜಮಾನಿಕೆ, ಅವನಿಗೆ ಬರುವುದರಲ್ಲಿತ್ತು. ಸಭೆಯಲ್ಲಿ ಹಿರಿಯರಿಗೆ ಕಾವಾ ಪಾನಕ ಹಂಚಿ ಹಂಚಿ ಸೊಂಟ ಬಗ್ಗಿದ್ದವನಿಗೆ ತಾನೂ ಒಂದು ದಿನ ಆ ಸಾಲಿನಲ್ಲಿ ಕೂರುವ ಆಸೆ. ಸೋದರತ್ತೆ ಫುವಾತಿನೊ ಅಡ್ಡಬಂದಳು.

"ನಾಟಕ ಅಂತ ನಂಗೊತ್ತಿಲ್ವಾ? ನಾನೇನು ದಡ್ಡಿನಾ? ಆದ್ರೆ ಕತ್ತು ಹಿಸುಕಿದ ಆ ಮುಖ ನಮ್ಮ ಮನೆತನದ್ದು! ಬಡಪಾಯಿ ಮುದುಕಿ, ನಂಗೆ ಕನಸಲ್ಲಿ ಬರ್ತಾಳೆ."

ಮುಂದಿನ ಕಂತಿನ ಸಂಜೆ ಪಟ್ಟಣದಲ್ಲಿ ಬಸ್ಸು ಕೆಟ್ಟು ಪೆಸಮಿನೊ ಅಲ್ಲೇ ಉಳಿದ. ಬೆಳಿಗ್ಗೆ ಊರಿಗೆ ಬಂದರೆ ಕಂಡಕಂಡವರೆಲ್ಲ ಹಲ್ಲು ಕಿರಿದರು.

"ಭೇಷ್ ಪೆಸಮಿನೊ! ಸರಿಯಾಗೇ ಹಿಸುಕಿದೆ ಕಣೋ!" ಎಂದ ಮೀನಿನವನು. ಪಾದ್ರಿಯ ಹೆಂಡತಿಯಂತೂ ಬಿಸಿ ಪಲುಸಾಮಿಯ ಎಲೆಪೊಟ್ಟಣ ಕೈಗಿಟ್ಟು, "ಪಾಪ, ತಿನ್ನಪ್ಪ" ಎಂದಳು. ಎಲ್ಲರೂ ಸೇರಿ ಗಾಯಕ್ಕೆ ಉಪ್ಪು ಸುರಿಯುತ್ತಿದ್ದಾರೆ ಎಂದುಕೊಂಡ ಪೆಸಮಿನೊ.

ಅಷ್ಟರಲ್ಲಿ ದಾಯಾದಿ ಇಯಾಕೊಪೊ ಓಡಿಬಂದ. "ಅತ್ತೆ ಕೆಂಡವಾಗಿದ್ದಾಳೆ ಕಣೋ. ಇಫೊಗಾ ಮಾಡಿ ಕ್ಷಮೆ ಕೇಳಿಬಿಡು. ಚಾಪೆ ಹೊದ್ದು ಅವಳ ಮನೆ ಮುಂದೆ ಮಂಡಿಯೂರು."

"ಅದು ನಿಜವಾಗ್ಲೂ ಕೊಂದವರು ಮಾಡೋದು ಮಾರಾಯ!"

"ಪದವಿ ಬೇಕೋ ಬೇಡ್ವೋ? ತಗೋ, ನಮ್ಮಮ್ಮನ ಚಾಪೆ."

ಮಟಮಟ ಮಧ್ಯಾಹ್ನ ಪೆಸಮಿನೊ ಅತ್ತೆಯ ಮನೆಯೆದುರು ತಲೆತುಂಬ ಚಾಪೆ ಹೊದ್ದು ಮಂಡಿಯೂರಿದ. ಒಳಗೆ ಬೆವರಿನ ಧಾರೆ. ಮೇಲೊಂದು ಕೋಳಿ ಹತ್ತಿ ಕೂತಿತು. ಮೊದಲು ನಾಚಿಕೆಯಾಯಿತು, ಆಮೇಲೆ ನಿಜಕ್ಕೂ ದುಃಖ ಉಕ್ಕಿತು. ಮುದುಕಿಯ ಪಾತ್ರ ಮಾಡಿದವಳು ಚಿತ್ರೀಕರಣದ ದಿನ ತನ್ನ ಬುತ್ತಿಯಲ್ಲಿ ಅವನಿಗೂ ಪಾಲು ಕೊಟ್ಟಿದ್ದಳು. ಅಂಥವಳ ಕತ್ತಿಗೆ ಕೈ ಹಾಕಿದೆನಲ್ಲ ಎಂದು ಬಿಕ್ಕಿಬಿಕ್ಕಿ ಅತ್ತ.

ಕೊನೆಗೆ ಅತ್ತೆ ಬಂದು ಚಾಪೆ ಎತ್ತಿದಳು. ಚಾಪೆ ಎತ್ತಿದರೆ ಕ್ಷಮಿಸಿದಂತೆಯೇ. ಪೆಸಮಿನೊಗೆ ಹೋದ ಜೀವ ಬಂದಂತಾಯಿತು.

"ಥೂ ನಿನ್ನ! ಆ ರಾಕ್ಷಸಿಗೋಸ್ಕರ ಅಳ್ತಿದ್ದೀಯಾ?"

"ಯಾವ ರಾಕ್ಷಸಿ ಅತ್ತೆ?"

"ಅದೇ, ಅಂಗಡಿ ಮುದುಕಿ! ನಿನ್ನೆ ನೋಡಲಿಲ್ವಾ? ಕತೆಯಲ್ಲಿ ನಿನ್ನ ತಂಗಿಗೆ ವಿಷ ಹಾಕಿದ್ದು ಅವಳೇ! ಊರೆಲ್ಲ ನಿನಗಾಗಿ ಅತ್ತಿತು. ಪದವಿ ನಿನಗೇ ಅಂತ ಟೀವಿ ಮುಂದೇನೇ ತೀರ್ಮಾನ ಮಾಡಿದ್ವಿ. ಈಗ ನೋಡಿದ್ರೆ, ಮಾಡಿದ್ದು ನ್ಯಾಯ ಅಂತ ಎದೆ ತಟ್ಟಿ ಹೇಳೋ ಧೈರ್ಯವೂ ಇಲ್ಲ ನಿಂಗೆ! ಇಂಥವನಿಗೆ ಯಜಮಾನಿಕೆಯಾ? ಆಗದ ಮಾತು!"

ಅಯ್ಯೋ, ಸುಮ್ಮನೆ ಮನೆಯಲ್ಲಿ ಮಲಗಿದ್ದರೆ ಸಾಕಿತ್ತಲ್ಲ!

"ನಂಗೇನೂ ಗೊತ್ತಿರಲಿಲ್ಲ ಅತ್ತೆ! ಇಯಾಕೊಪೊ ಹೇಳಿದ್ದಕ್ಕೆ..."

"ಇಯಾಕೊಪೊನಾ? ಅವನು ನಿನ್ನೆ ನನ್ನ ಪಕ್ಕದಲ್ಲೇ ಕೂತು ನೋಡಿದ್ನಲ್ಲ!"

ಇಬ್ಬರೂ ತಿರುಗಿದರು. ದೀವಿಹಲಸಿನ ಮರದಾಚೆ, ಪದವಿಗೆ ಪೆಸಮಿನೊ ಬಿಟ್ಟರೆ ಮುಂದಿನ ಸರದಿಯವನಾದ ಇಯಾಕೊಪೊ ಕಾಲಲ್ಲಿ ನೆಲ ಕೆರೆಯುತ್ತ ನಿಂತಿದ್ದ. ಈಗಾದರೂ ನ್ಯಾಯ ಸಿಗುತ್ತದೆ ಎಂದು ಪೆಸಮಿನೊ ಎದ್ದು ನಿಂತ.

ಅತ್ತೆ ಇಯಾಕೊಪೊನನ್ನೇ ಬಹಳ ಹೊತ್ತು ನೋಡಿದಳು. ನೋಡನೋಡುತ್ತ ಅವಳ ಕಣ್ಣು ಒದ್ದೆಯಾಯಿತು.

"ಪಾಪ, ಅವನಿಗೇನು ಕಷ್ಟ ಇತ್ತೋ ಏನೋ," ಎಂದಳು. "ನಿನ್ನ ವಿಷಯದಲ್ಲಿ ಅವಸರಪಟ್ಟು ಬೈದು ಬುದ್ಧಿ ಕಲಿತಿದ್ದೀನಿ. ಬಾರೋ ಇಯಾಕೊಪೊ, ಒಳಗೆ ಬಾ. ಯಜಮಾನ ಆಗೋನು ಹೀಗೆ ಹೊರಗೆ ನಿಲ್ಲಬಾರದು. ಪೆಸಮಿನೊ, ಆ ಚಾಪೆ ಕೊಡವಿ ಮಡಿಸಿಡು."