ಹೂವಿನ ದಾರಕ್ಕೆ ಸಿಕ್ಕಿಬಿದ್ದ ಪ್ರಬಂಧ

ಇದು ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ ಕೊಟ್ರಪ್ಪ. ಹೇಳಿದ್ದು ಒಂದು ಸಲವಲ್ಲ. ಪಿಯುಸಿಗೆ ಸೇರಿದಾಗ ಹೇಳಿದ, ಬಿಎಸ್ಸಿಗೆ ಸೇರಿದಾಗ ಹೇಳಿದ. ಗಣಿತದಲ್ಲಿ ಪಿಎಚ್‌ಡಿ ಮಾಡುತ್ತೇನೆ ಎಂದಾಗ ಮಾತ್ರ "ಅಷ್ಟು ಓದಿದ ಮ್ಯಾಲೂ ನಿನಗ ಲೆಕ್ಕ ಬರವಲ್ದಾ?" ಎಂದು ಮರುಗಿದ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ಹಡಗಲಿಯಲ್ಲಿ ಅವ್ವ ಮಲ್ಲಿಗೆ ಕಟ್ಟಿ ಓದಿಸಿದಳು. ನಾನು ಓದಿದ್ದೂ ಹೆಚ್ಚುಕಡಿಮೆ ಹೂವು ಕಟ್ಟುವುದನ್ನು ತಪ್ಪಿಸಿಕೊಳ್ಳಲಿಕ್ಕೇ. ಡಿಗ್ರಿ ಬಂದ ದಿನದಿಂದ ದಾರ ಮುಟ್ಟಿರಲಿಲ್ಲ. ಅದೇ ನನ್ನ ದೊಡ್ಡಸ್ತಿಕೆ.

ಹೀಗೆ ದಾರ ಬಿಟ್ಟು ಓಡಿದವಳು ಸಂಶೋಧನೆಗೆ ಆರಿಸಿಕೊಂಡ ವಿಷಯ ಗಂಟುಗಳು! ಶುದ್ಧ ಗಣಿತದಲ್ಲಿ ಅದೊಂದು ಶಾಖೆ. ಸಿಕ್ಕಾದ ದಾರದ ಎರಡು ತುದಿಗಳನ್ನು ಕೂಡಿಸಿಬಿಡಬೇಕು. ಆಮೇಲೆ ಎಲ್ಲೂ ಹರಿಯದೆ ಒಂದು ಸಿಕ್ಕನ್ನು ಇನ್ನೊಂದರ ಆಕಾರಕ್ಕೆ ತರಬಹುದೇ ಎಂಬುದು ಪ್ರಶ್ನೆ. ಇದರಿಂದ ಯಾರಿಗೆ ಉಪಯೋಗ ಎಂದರೆ ನಮ್ಮ ಗೈಡು ಹೆಮ್ಮೆಯಿಂದ "ಯಾರಿಗೂ ಇಲ್ಲ" ಎನ್ನುತ್ತಿದ್ದರು. ನನ್ನ ಪ್ರಭಾವವೂ ಅಷ್ಟೇ ವಿಶಾಲವಾಗಿತ್ತು. ಮೊದಲ ಲೇಖನ ಓದಿದವರು ಮೂವರು: ನಾನು, ಗೈಡು, ಅದನ್ನು ತಿರಸ್ಕರಿಸಿದ ಪುಣ್ಯಾತ್ಮರು. ನಾಲ್ಕು ವರ್ಷ ಹೆಣಗಿ, ಎರಡು ಗಂಟುಗಳು ಬೇರೆ ಬೇರೆ ಎಂದು ಹದಿನೈದು ಪುಟಗಳಲ್ಲಿ ಸಾಧಿಸಿದ್ದೆ. ಇಡೀ ಪ್ರಬಂಧ ನಿಂತದ್ದು ಆ ಹದಿನೈದು ಪುಟಗಳ ಮೇಲೆ.

ಪ್ರಬಂಧ ಒಪ್ಪಿಸಲು ಒಂದು ವಾರ ಇರುವಾಗ ಊರಿಗೆ ಬಂದೆ. ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ನನ್ನ ಹಾಳೆಗಳನ್ನು ಓರೆಗಣ್ಣಿಂದ ನೋಡಿ, "ಏನವ್ವಾ ಇದು, ದಾರ ಸಿಕ್ಕು ಬಿದ್ದಂಗೈತಿ?" ಎಂದಳು. ಪಾಪ, ತಿಳಿಯಲಿ ಎಂದು ವಿವರಿಸಿದೆ. ಈ ಚಿತ್ರ ಆ ಚಿತ್ರ ಆಗುವುದೇ ಇಲ್ಲ, ನಾನು ಸಾಧಿಸಿದ್ದೇನೆ ಎಂದೆ. ಆಕೆ ದಪ್ಪ ದಾರ ತೆಗೆದು, ಚಿತ್ರ ನೋಡುತ್ತ ಮೊದಲ ಗಂಟನ್ನು ಹಾಕಿ ತುದಿ ಕೂಡಿಸಿದಳು. ಒಂದು ಸುತ್ತನ್ನು ಸಡಿಲಿಸಿ, ಇನ್ನೊಂದರ ಮೇಲಿಂದ ದಾಟಿಸಿ, ಹೊರಳಿಸಿ, ಎರಡನೇ ಚಿತ್ರದ ಪಕ್ಕ ಇಟ್ಟಳು.

"ಎರಡೂ ಒಂದ ಅದಾವಲ್ಲ!"

"ನಡುವ ಎಲ್ಲೋ ಹರದಿ ಬೇ ನೀನು" ಎಂದು ನಕ್ಕೆ.

ಅವ್ವನ ಮುಖ ಕೆಂಪಾಯಿತು. "ದಾರ ಹರಿಯಾಕಿ ನಾನು? ನಲವತ್ತು ವರ್ಷದಾಗ ಸಿಕ್ಕಾತಂತ ಒಂದ ದಿನ ಹರದಿಲ್ಲ. ಹರದ್ರ ಹೂವು ಉದುರ್ತಾವು. ಕಣ್ಣು ಬಿಟ್ಟು ನೋಡು!"

ನಿಧಾನವಾಗಿ ಮತ್ತೊಮ್ಮೆ ಮಾಡಿದಳು. ಹರಿಯಲಿಲ್ಲ. ಎರಡೂ ಒಂದೇ. ಹದಿನೈದು ಪುಟಗಳನ್ನೂ ತಡಕಾಡಿದೆ. ಏಳನೇ ಪುಟದಲ್ಲಿ ಕೂಡಬೇಕಾದಲ್ಲಿ ಕಳೆದು ಕೂತಿದ್ದೆ. ನಾಲ್ಕು ವರ್ಷದಲ್ಲಿ ಒಂದು ತುಂಡು ದಾರ ಕೈಗೆತ್ತಿಕೊಂಡಿದ್ದರೆ ಸಾಕಿತ್ತು! ಮಾವನ ಮಾತು ನಿಜವಾಯಿತು ಎಂದುಕೊಂಡು, ಗೈಡಿಗೆ ಫೋನು ಮಾಡಿದೆ. ಏಳನೇ ಪುಟದ ತಪ್ಪು ಹೇಳಿದೆ.

"ಯಾರು ಕಂಡುಹಿಡಿದದ್ದು?"

"ನಮ್ಮವ್ವ, ಸರ್."

"ಯಾವ ಯೂನಿವರ್ಸಿಟಿ?"

"ಹಡಗಲಿಯಲ್ಲಿ ಹೂವು ಕಟ್ತಾಳೆ, ಸರ್."

ಅವ್ವ ಮಾಡಿದ್ದನ್ನು ಎರಡೆರಡು ಸಲ ಹೇಳಿಸಿಕೊಂಡರು. ಕೊನೆಗೆ, "ಅವರು ದಾಟಿಸಿದ್ದನ್ನ ಒಂದೊಂದೇ ಹೆಜ್ಜೆ ಬರೆದುಕೊಂಡು ಬಾ" ಎಂದರು. ಇನ್ನೊಂದು ವರ್ಷ ಹಿಡಿಯಿತು. ಬೇರೆ ಎನ್ನುತ್ತಿದ್ದ ಅಧ್ಯಾಯ ಒಂದೇ ಎಂದು ಸಾಧಿಸಿತು. ವಿಚಿತ್ರವೆಂದರೆ, ಜನ ಓದಿದ್ದು ಅದನ್ನೇ. ದೂರದ ಊರಿನ ಪ್ರೊಫೆಸರೊಬ್ಬರು ಆ ಉಪಾಯ ಹೇಗೆ ಹೊಳೆಯಿತೆಂದು ಪತ್ರ ಬರೆದು ಕೇಳಿದರು. ದೀರ್ಘ ಚಿಂತನೆಯಿಂದ ಎಂದು ಉತ್ತರಿಸಿದೆ. ಅವ್ವನ ಹೆಸರು ಪ್ರಬಂಧದ ಕೃತಜ್ಞತೆಯ ಪುಟದಲ್ಲಿತ್ತು, ಕೊನೆಯ ಸಾಲಿನಲ್ಲಿ.

ಘಟಿಕೋತ್ಸವದ ದಿನ ವೇದಿಕೆಯಿಂದ ಇಳಿದವಳೇ ಪ್ರಮಾಣಪತ್ರವನ್ನು ಅವ್ವನ ಕೈಗಿಟ್ಟೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಕೊಟ್ರಪ್ಪ ಮಾವ ಕನ್ನಡಕ ಏರಿಸಿ, ಅದನ್ನು ತನ್ನತ್ತ ತಿರುಗಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಈಗಲಾದರೂ ಸೋಲೊಪ್ಪುತ್ತಾನೆ ಎಂದು ಎದೆಯುಬ್ಬಿಸಿ ನಿಂತೆ.

"ಎಲ್ಲಾ ಬರೋಬರಿ ಐತಿ. ಆದ್ರ ಗಂಟು ಬಿಚ್ಚಿದಾಕಿ ನಮ್ಮಕ್ಕ. ಇದರಾಗ ನಿನ್ನ ಹೆಸರು ಯಾಕ ಹಾಕ್ಯಾರ?"