ಜಪಾನಿನ ನಾಲ್ಕನೇ ದರ್ಜೆ ಮತ್ತು ನನ್ನ ಬೆನ್ನುನೋವು

ಐವತ್ತು ದಾಟಿದ ಗಂಡಸಿಗೆ ಯಾವುದಾದರೊಂದು ಗೀಳು ಹಿಡಿಯುವುದು ಸಹಜ. ನನ್ನ ಪರಿಚಯದವರಲ್ಲಿ ಒಬ್ಬರು ಹಲಸಿನ ಕಸಿ ಕಟ್ಟುತ್ತಾರೆ, ಒಬ್ಬರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ, ಮತ್ತೊಬ್ಬರು ಹೊತ್ತುಹೊತ್ತಿಗೆ ರಕ್ತದೊತ್ತಡ ಅಳೆದುಕೊಂಡು ಸಿಕ್ಕಿದವರಿಗೆಲ್ಲ ಅದರ ವರದಿ ಒಪ್ಪಿಸುತ್ತಾರೆ. ಇವೆಲ್ಲ ಮರ್ಯಾದಸ್ಥ ಗೀಳುಗಳು, ನಾಲ್ಕು ಜನರ ಎದುರು ಹೇಳಿಕೊಳ್ಳಬಹುದು. ನನಗೆ ಹಿಡಿದದ್ದು ಜಪಾನಿನ ಫುಟ್‌ಬಾಲು. ಅದೂ ದೊಡ್ಡ ದೊಡ್ಡ ಆಟಗಾರರು ಆಡುವ, ಪತ್ರಿಕೆಯಲ್ಲಿ ಫೋಟೋ ಬರುವ ಫುಟ್‌ಬಾಲಾಗಿದ್ದರೆ ಹೇಗಾದರೂ ಸಮರ್ಥಿಸಿಕೊಳ್ಳಬಹುದಿತ್ತು. ನನ್ನದು ಅಲ್ಲಿನ ನಾಲ್ಕನೇ ದರ್ಜೆಯ ಲೀಗು, ಅದರಲ್ಲಿಯೂ ಪಟ್ಟಿಯ ತಳದಲ್ಲಿ ಬಿದ್ದುಕೊಂಡಿದ್ದ ಒಂದು ತಂಡ. ನಾನು ಫುಟ್‌ಬಾಲು ಆಡಿದವನೇನೂ ಅಲ್ಲ. ಶಾಲೆಯಲ್ಲಿ ಎಲ್ಲರೂ ಕಬಡ್ಡಿ ಆಡುವಾಗ ಗೆರೆಯ ಹೊರಗೆ ನಿಂತು ಅವರ ಅಂಗಿಗಳನ್ನು ಕಾಯುವ ಜವಾಬ್ದಾರಿ ನನ್ನ ಪಾಲಿಗೆ ಬರುತ್ತಿತ್ತು.

ಇದಕ್ಕೆಲ್ಲ ಕಾರಣ ಒಂದು ಕಾರ್ಬೊರೇಟರ್. ಪುತ್ತೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು; ಹುಲ್ಲು ಕತ್ತರಿಸುವ ಯಂತ್ರ, ತೋಟಕ್ಕೆ ಮದ್ದು ಬಿಡುವ ಪಂಪು ಇಂಥವುಗಳ ರಿಪೇರಿ. ಒಮ್ಮೆ ಕೊಯಿಲದ ಕಡೆಯವರೊಬ್ಬರು ಜಪಾನಿನ ಹಳೆಯ ಯಂತ್ರವೊಂದನ್ನು ತಂದಿಟ್ಟರು. ಬಿಚ್ಚುವುದು ಸುಲಭವಾಯಿತು, ಜೋಡಿಸುವುದು ಗೊತ್ತಾಗಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಜಪಾನಿನ ಮುದುಕರೊಬ್ಬರು ಅದೇ ಯಂತ್ರವನ್ನು ಬಿಚ್ಚಿ ಜೋಡಿಸುವ ವಿಡಿಯೋ ಸಿಕ್ಕಿತು. ಭಾಷೆ ಒಂದಕ್ಷರ ತಿಳಿಯದಿದ್ದರೂ ಅವರ ಕೈ ನೋಡಿಯೇ ಕೆಲಸ ಮುಗಿಸಿದೆ. ಈ ಮನುಷ್ಯನಿಗೆ ಜಪಾನಿನ ಕಾರ್ಬೊರೇಟರ್ ಹಿಡಿಸಿದೆ, ಹಾಗಾದರೆ ಜಪಾನಿನ ಫುಟ್‌ಬಾಲೂ ಹಿಡಿಸೀತು ಎಂದು ಮೊಬೈಲು ತೀರ್ಮಾನಿಸಿತೋ ಏನೋ, ಮುದುಕರು ಕೈ ಒರೆಸಿಕೊಂಡು ಮರೆಯಾದದ್ದೇ ತಡ, ಒಂದು ಮ್ಯಾಚು ತಾನಾಗಿ ಶುರುವಾಯಿತು.

ಮಳೆ ಸುರಿಯುತ್ತಿತ್ತು. ಮೈದಾನದ ಆಚೆ ಒಂದು ಗುಡ್ಡ. ಒಂದು ತಂಡದ ಅಂಗಿ ಕಿತ್ತಳೆ, ಸಾಕ್ಷಾತ್ ಹಣ್ಣಡಿಕೆಯ ಬಣ್ಣ. ಪರದೇಶದಲ್ಲಿ ನಮ್ಮೂರಿನ ಬಣ್ಣ ಕಂಡರೆ ಮನಸ್ಸು ಅತ್ತ ವಾಲದೆ ಇರುತ್ತದೆಯೇ? ತಂಡದ ಹೆಸರು ನನ್ನ ನಾಲಗೆಗೆ ಹೊರಳುವಂಥದ್ದಲ್ಲವಾದ್ದರಿಂದ ಅವರನ್ನು ಹಣ್ಣಡಿಕೆಯವರು ಎಂದೇ ಕರೆದೆ. ಅವರು ಚೆನ್ನಾಗಿ ಸೋತರು. ಸೋತ ಮೇಲೆ ಮಾಡಿದ ಕೆಲಸವೇ ನನ್ನನ್ನು ಹಾಳು ಮಾಡಿದ್ದು. ಎಲ್ಲರೂ ಸಾಲಾಗಿ ಹೋಗಿ, ಮಳೆಯಲ್ಲಿ ಡೋಲು ಬಡಿಯುತ್ತ ಕೂತಿದ್ದ ಬೆರಳೆಣಿಕೆಯ ಅಭಿಮಾನಿಗಳ ಎದುರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ನಮ್ಮಲ್ಲಾದರೆ ಸೋತವರು ಮೊದಲು ಅಂಪೈರ್ ಎಲ್ಲಿದ್ದಾನೆಂದು ಹುಡುಕುತ್ತಾರೆ. ಅಂಗಡಿಯಲ್ಲಿ ಒಬ್ಬನೇ ಕೂತಿದ್ದ ನಾನೂ ಅವರ ಜೊತೆ ಚಪ್ಪಾಳೆ ತಟ್ಟಿದೆ. ಅವರ ಗೋಲ್‌ಕೀಪರ್ ವಾರವಿಡೀ ಯಾವುದೋ ಕಾರ್ಖಾನೆಯಲ್ಲಿ ದುಡಿದು ಆದಿತ್ಯವಾರ ಬಂದು ಗೋಲು ಬಿಟ್ಟುಕೊಡುತ್ತಾನೆ ಎಂಬುದು ಮೊಬೈಲು ಮಾಡಿಕೊಟ್ಟ ಅನುವಾದದಿಂದ ತಿಳಿಯಿತು. ಅನುವಾದ ಎಷ್ಟು ಸರಿಯೋ ದೇವರೇ ಬಲ್ಲ. ಅಂತೂ ನನಗೆ ಅವನು ಹತ್ತಿರದ ಸಂಬಂಧಿಕನಂತೆ ಆಗಿಬಿಟ್ಟ.

ತೊಂದರೆ ಬಂದದ್ದು ಈ ಆದಿತ್ಯವಾರದಿಂದ. ಅವರು ಮಧ್ಯಾಹ್ನದ ಊಟ ಮುಗಿಸಿ ಮೈದಾನಕ್ಕಿಳಿದರೆ ನಮ್ಮಲ್ಲಿ ಆಗ ಬೆಳಗಿನ ತಿಂಡಿ ಕರಗುವ ಹೊತ್ತು. ಅವರ ಆಟ ಮುಗಿಯುವಾಗ ನಮ್ಮಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ಯಾರದಾದರೂ ಮದುವೆ, ಉಪನಯನ, ಗೃಹಪ್ರವೇಶ ಇಲ್ಲದ ಆದಿತ್ಯವಾರ ಹುಡುಕಿದರೂ ಸಿಗುವುದಿಲ್ಲ. ನಮ್ಮ ಕಡೆ ಇಂಥ ಜಂಬ್ರಕ್ಕೆ ಹೋಗುವುದೆಂದರೆ ಉಂಡು ಬರುವುದಲ್ಲ, ಬಡಿಸಿ ಬರುವುದು. ಇದಕ್ಕೆ ಸುಧರಿಕೆ ಎನ್ನುತ್ತಾರೆ. ಇದರಲ್ಲಿಯೂ ದರ್ಜೆಗಳಿವೆ. ಹೊಸಬನ ಕೈಗೆ ಮೊದಲು ನೀರಿನ ಜಗ್ಗು ಬರುತ್ತದೆ. ಆಮೇಲೆ ಉಪ್ಪು, ಉಪ್ಪಿನಕಾಯಿ. ಕೆಲವು ವರ್ಷ ಎಲೆಯ ಮೇಲೆ ಚೆಲ್ಲದೆ ಪಾರಾದರೆ ಪಲ್ಯ. ಅನ್ನಕ್ಕೆ ಬರಬೇಕಾದರೆ ಮದುವೆಯಾಗಿ, ಸಂಸಾರ ಹೂಡಿ, ಉಣ್ಣುವವನ ಮುಖ ನೋಡಿಯೇ ಹಸಿವು ತಿಳಿಯುವ ಪ್ರಾಯ ಬರಬೇಕು. ನಾನು ಅನ್ನದವನು. ಇದನ್ನು ಹೇಳಿಕೊಳ್ಳುವಾಗ ಈಗಲೂ ಸ್ವಲ್ಪ ಎದೆ ಉಬ್ಬುತ್ತದೆ.

ಅನ್ನದ ಹಿಂದೆ ಸಾಂಬಾರು ಬರಬೇಕು. ನನ್ನ ಹಿಂದೆ ಸಾಂಬಾರಿನ ಬಕೆಟ್ಟು ಹಿಡಿದು ಬರುತ್ತಿದ್ದವರು ಕೇಶವ ಭಾವ, ನನ್ನ ಹೆಂಡತಿ ಸುಮತಿಯ ಅಣ್ಣ, ಈಶ್ವರಮಂಗಲದವರು. ಮಿತಭಾಷಿ. ಮನೆಗೆ ಬಂದರೆ ಚಾ ಮುಗಿಯುವವರೆಗೆ ಅಡಿಕೆ ರೇಟಿನ ಬಗ್ಗೆ ಒಂದು ಮಾತು, ಹೊರಡುವಾಗ ಇನ್ನೊಂದು ಮಾತು, ಅಷ್ಟೇ. ಆದರೆ ಪಂಕ್ತಿಯಲ್ಲಿ ನನ್ನ ಬೆನ್ನ ಹಿಂದೆ ನಡೆಯುವಾಗ ಅವರ ಬಾಯಿ ಬಿಚ್ಚುತ್ತಿತ್ತು. ಯಾರು ಸಾಕು ಸಾಕು ಎನ್ನುತ್ತ ಕೈಯನ್ನು ಮಾತ್ರ ಅಡ್ಡ ಹಿಡಿಯುವುದಿಲ್ಲ, ಯಾರು ಪಾಯಸಕ್ಕಾಗಿ ಎಲೆಯಲ್ಲಿ ಜಾಗ ಕಾದಿರಿಸಿದ್ದಾರೆ ಎಂದು ನನಗೊಬ್ಬನಿಗೆ ಕೇಳುವಷ್ಟು ಮೆತ್ತಗೆ ಹೇಳುತ್ತಿದ್ದರು. ನಾನು ನಗು ತಡೆದುಕೊಂಡು ಅನ್ನ ಬಡಿಸಬೇಕು. ತಮ್ಮ ಮನೆಯ ಕಷ್ಟಸುಖವನ್ನೂ ಅವರು ಹೇಳಿದ್ದು ಅಲ್ಲಿಯೇ, ಎರಡು ಎಲೆಗಳ ನಡುವೆ. ನಮ್ಮ ಇಪ್ಪತ್ತು ವರ್ಷಗಳ ಸ್ನೇಹವೆಲ್ಲ ಬಗ್ಗಿಕೊಂಡೇ ಬೆಳೆದದ್ದು.

ಹಣ್ಣಡಿಕೆಯವರ ಋತು ಮಾರ್ಚಿನಲ್ಲಿ ಶುರುವಾಯಿತು. ಒಂದು ಆದಿತ್ಯವಾರ ನಾನು ಜಂಬ್ರಕ್ಕೆ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಉಂಟು ಎಂದೆ. ಮತ್ತೊಂದಕ್ಕೆ ಹೋಗಿ ಬೇಗ ಬಂದೆ. ಮೂರನೆಯದಕ್ಕೆ ಸುಮತಿ ಒಬ್ಬಳೇ ಹೋದಳು. ಬಂದವಳು ಸೀರೆ ಬದಲಿಸದೆ ನನ್ನೆದುರು ಕುಳಿತಳು.

"ಎಲ್ಲರೂ ಕೇಳ್ತಾರೆ, ನಿಮ್ಮವರು ಎಂತ ಬರ್ಲಿಲ್ಲ ಅಂತ. ನಾನು ಎಂತ ಹೇಳುದು? ಜಪಾನಿನಲ್ಲಿ ಯಾರೋ ಸೋಲುದನ್ನು ನೋಡ್ಲಿಕ್ಕೆ ಕೂತಿದ್ದಾರೆ ಅಂತ ಹೇಳ್ಲಿಕ್ಕಾಗ್ತದಾ?"

"ಮತ್ತೆ ಎಂತ ಹೇಳಿದೆ?"

"ಬೆನ್ನುನೋವು ಅಂತ ಹೇಳಿದೆ. ಬಗ್ಗಲಿಕ್ಕೆ ಆಗುದಿಲ್ಲ ಅಂತ."

ನನಗೆ ಪರಮ ಸಂತೋಷವಾಯಿತು. ಇಷ್ಟು ಸುಲಭದಲ್ಲಿ ಒಂದು ಇಡೀ ಋತುವಿಗೆ ರಜೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಆದರೆ ನಮ್ಮ ಕಡೆ ಬೆನ್ನುನೋವೆಂದರೆ ಸಾರ್ವಜನಿಕ ವಿಷಯ. ಮರುದಿನದಿಂದಲೇ ಕಷಾಯದ ಸೊಪ್ಪು, ಪಟ್ಟು ಹಾಕುವ ಬೇರು, ಗಡಿಯಾಚೆಯ ವೈದ್ಯರ ಫೋನ್ ನಂಬರು ಮನೆಗೆ ಬರತೊಡಗಿದವು. ಅಂಗಡಿಗೆ ಬಂದವರು ತಮ್ಮ ಯಂತ್ರವನ್ನು ತಾವೇ ಎತ್ತಿ ಮೇಜಿನ ಮೇಲಿಡುತ್ತಿದ್ದರು. ನಾನು ಎದ್ದು ನಿಂತರೆ "ಕೂತ್ಕೊಳಿ ಮಾರಾಯ್ರೆ" ಎಂದು ಗದರಿಸುತ್ತಿದ್ದರು.

ಮಳೆಗಾಲದ ನಡುವಿನ ಆಟಿ ತಿಂಗಳು ಬಂತು. ಆ ತಿಂಗಳಲ್ಲಿ ಶುಭಕಾರ್ಯವಿಲ್ಲ, ಆದ್ದರಿಂದ ಒಂದು ಆದಿತ್ಯವಾರ ಕೇಶವ ಭಾವ ಸ್ವತಃ ಒಂದು ಬಾಟಲಿ ಎಣ್ಣೆ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಆಗಷ್ಟೇ ಮ್ಯಾಚು ಶುರುವಾಗಿತ್ತು. ನನ್ನನ್ನು ಮಂಚದಲ್ಲಿ ಬೋರಲು ಮಲಗಿಸಿ, ಅಂಗಿ ತೆಗೆಸಿ, ಎಣ್ಣೆ ಸುರಿದು ತಿಕ್ಕತೊಡಗಿದರು. ನಾನು ಮೊಬೈಲನ್ನು ಮೆಲ್ಲನೆ ಮಂಚದ ಕೆಳಗೆ ನೆಲದ ಮೇಲಿಟ್ಟು, ತಲೆಯನ್ನು ಅಂಚಿನಿಂದ ಇಳಿಬಿಟ್ಟೆ. ಸದ್ದು ಇಲ್ಲ, ಚಿತ್ರ ಮಾತ್ರ. ಸ್ವಲ್ಪ ಹೊತ್ತು ಎಲ್ಲವೂ ಸುಖವಾಗಿತ್ತು. ಎದುರಾಳಿ ತಂಡದ ಒಬ್ಬ ಎಡಬದಿಯಿಂದ ಚೆಂಡು ಹಿಡಿದು ಓಡಿ ಬಂದ. ನಮ್ಮವರಲ್ಲಿ ಒಬ್ಬನೂ ಅತ್ತ ಸುಳಿಯಲಿಲ್ಲ.

"ಎಡಕ್ಕೆ! ಎಡಕ್ಕೆ ಮಾರಾಯ! ಎಂತ ನೋಡ್ತಾ ನಿಂತದ್ದು?" ಎಂದು ಕಿರುಚಿದೆ.

ಕೇಶವ ಭಾವ ಗಾಬರಿಯಿಂದ ಕೈಯನ್ನು ನನ್ನ ಎಡಬದಿಗೆ ಸರಿಸಿದರು. "ಇಲ್ಲಿಯಾ ಭಾವ?" ಎಂದು ಹೆಬ್ಬೆರಳಿನಿಂದ ಒತ್ತಿದರು. ಅದೇ ಕ್ಷಣಕ್ಕೆ ಗೋಲು. ನಾನು ಅಯ್ಯಯ್ಯೋ ಎಂದೆ. ನೋವಿನ ಮೂಲ ಸಿಕ್ಕಿತೆಂದು ಅವರು ಅಲ್ಲಿಯೇ ಮೊಣಕೈ ಊರಿದರು. ವಿರಾಮದ ಹೊತ್ತಿಗೆ ಹಣ್ಣಡಿಕೆಯವರೂ ನಾನೂ ಒಂದೇ ಸ್ಥಿತಿಯಲ್ಲಿದ್ದೆವು. ಇಪ್ಪತ್ತು ವರ್ಷದಲ್ಲಿ ನಾನು ಅವರಿಗೆ ಏಕವಚನ ಹಾಕಿದ್ದು ಅದೇ ಮೊದಲು, ಅದನ್ನೂ ಅವರು ನೋವಿನ ಖಾತೆಗೆ ಸೇರಿಸಿ ಕ್ಷಮಿಸಿದರು.

ಕೈ ತೊಳೆದು ಬಂದು ಚಾ ಕುಡಿಯುವಾಗ ಅವರು ಅಡಿಕೆ ರೇಟಿನ ಮಾತೆತ್ತಲಿಲ್ಲ. ಲೋಟ ಕೆಳಗಿಟ್ಟು, "ನೀವಿಲ್ಲದೆ ಪಂಕ್ತಿಯಲ್ಲಿ ನಡೀಲಿಕ್ಕೆ ಬೇಜಾರು ಭಾವ. ಬೇಗ ಗುಣ ಮಾಡ್ಕೊಳಿ" ಎಂದರು. ಎಲೆಯ ಸಾಲಿನಿಂದ ಹೊರಗೆ ಅವರು ನನಗೆ ಹೇಳಿದ ಅತಿ ದೊಡ್ಡ ಮಾತು ಅದು. ಆಗಲೇ ಹೇಳಿಬಿಡಬೇಕಿತ್ತು. ಎಣ್ಣೆ ಇನ್ನೂ ಮೈಮೇಲಿತ್ತು, ಆಯಿತು ಭಾವ ಎಂದೆ.

ಮಳೆಗಾಲದ ಕೊನೆಯಲ್ಲಿ ಹಣ್ಣಡಿಕೆಯವರು ಅದು ಹೇಗೋ ಒಂದೆರಡು ಆಟ ಗೆದ್ದು ನನಗೆ ಆಸೆ ಹುಟ್ಟಿಸಿದರು. ಗೆಲ್ಲಲು ಶುರು ಮಾಡಿದವರನ್ನು ನಡುವೆ ಬಿಟ್ಟು ಹೋಗುವುದು ಸರಿಯೇ ಎಂದು ನನ್ನನ್ನು ನಾನೇ ಕೇಳಿಕೊಂಡು, ಸರಿಯಲ್ಲ ಎಂದು ನಾನೇ ಉತ್ತರ ಹೇಳಿಕೊಂಡೆ. ಆಮೇಲೆ ಅವರು ಮತ್ತೆ ಸೋಲತೊಡಗಿದರು. ಸೋಲುವವರನ್ನು ಬಿಟ್ಟು ಹೋಗುವುದಂತೂ ಸಾಧ್ಯವೇ ಇರಲಿಲ್ಲ. ಕಡೆಗೆ ನವೆಂಬರಿನ ಕೊನೆಯ ಮ್ಯಾಚಿಗೆ ಬಂದು ನಿಂತಿತು. ಗೆದ್ದರೆ ಉಳಿಯುತ್ತಾರೆ, ಇಲ್ಲದಿದ್ದರೆ ಲೀಗಿನಿಂದಲೇ ಕೆಳಗಿಳಿದು ಪ್ರಾದೇಶಿಕ ಆಟಕ್ಕೆ ಹೋಗುತ್ತಾರೆ. ಅದೇ ಆದಿತ್ಯವಾರ ಕೇಶವ ಭಾವನ ಮಗಳ ನಿಶ್ಚಿತಾರ್ಥ.

ಈ ಸಲ ನಾನು ಅನುಮಾನಿಸಲಿಲ್ಲ, ಇದನ್ನು ದಯವಿಟ್ಟು ನಂಬಬೇಕು. ಮೊಬೈಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು, ಬೆಳಗ್ಗೆಯೇ ಈಶ್ವರಮಂಗಲ ತಲುಪಿದೆ. ಅಂಗಿ ಕಳಚಿ, ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದು, ಅಡುಗೆ ಕೊಟ್ಟಿಗೆಗೆ ಹೋಗಿ ಅನ್ನದ ಪಾತ್ರೆಗೆ ಕೈ ಹಾಕಿದೆ. ಕೇಶವ ಭಾವ ಓಡಿ ಬಂದರು. ಅಷ್ಟು ಕೆಲಸದ ನಡುವೆಯೂ ನನ್ನ ಕೈಯಿಂದ ಪಾತ್ರೆಯನ್ನು ಮೆಲ್ಲನೆ ಬಿಡಿಸಿಕೊಂಡರು.

"ಎಂತ ಮಾಡ್ತೀರಿ ಭಾವ? ನೀವು ಬಂದದ್ದೇ ದೊಡ್ಡದು. ಅನ್ನಕ್ಕೆ ಪಂಜದ ರಮೇಶ ಇದ್ದಾನೆ. ನೀವು ಮೊದಲ ಪಂಕ್ತಿಯಲ್ಲಿ ಕೂತ್ಕೊಳಿ."

ರಮೇಶ ಅವರ ಹೆಂಡತಿಯ ಕಡೆಯ ಸಂಬಂಧಿ. ಕಳೆದ ವರ್ಷದವರೆಗೆ ಪಲ್ಯದಲ್ಲಿದ್ದವನು. ನನ್ನನ್ನು ಅಜ್ಜಂದಿರ ಸಾಲಿನಲ್ಲಿ ಕೂರಿಸಿದರು. ಪಕ್ಕದ ಅಜ್ಜ ಆತ್ಮೀಯವಾಗಿ ನನ್ನತ್ತ ವಾಲಿ, "ನಿಮಗೆ ಎಲ್ಲಿ? ಮೊಣಗಂಟಾ?" ಎಂದು ಕೇಳಿದರು. ಬೆನ್ನು ಎಂದೆ. ಬೆನ್ನು ಪರವಾಗಿಲ್ಲ, ಮೊಣಗಂಟು ಕಷ್ಟ ಎಂದು ಸಮಾಧಾನ ಹೇಳಿದರು.

ಅನ್ನ ಬಂತು. ರಮೇಶ ಚೆನ್ನಾಗಿಯೇ ಬಡಿಸುತ್ತಿದ್ದ, ಒಂದು ಅಗುಳೂ ಹೊರಗೆ ಬೀಳಲಿಲ್ಲ. ಅವನ ಹಿಂದೆ ಕೇಶವ ಭಾವ. ಅವರು ಏನೋ ಪಿಸುಗುಟ್ಟಿದರು. ರಮೇಶ ತುಟಿ ಕಚ್ಚಿ ನಗು ತಡೆದ. ಯಾರ ವಿಷಯ ಎಂದು ನನಗೆ ಕೇಳಿಸಲಿಲ್ಲ. ಬಹುಶಃ ನನ್ನ ಪಕ್ಕದ ಅಜ್ಜನದ್ದಿರಬೇಕು. ನನ್ನದೂ ಇರಬಹುದು. ನನಗೆ ಆದ ಹೊಟ್ಟೆಕಿಚ್ಚನ್ನು ಬರೆಯಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಕೇಶವ ಭಾವ ನನ್ನ ಎಲೆಯ ಮುಂದೆ ಬಗ್ಗಿ ಸಾಂಬಾರು ಬಿಟ್ಟು, "ಸಾಕಾ ಭಾವ? ಇನ್ನೊಂದು ಸೌಟು ಬಿಡ್ತೇನೆ, ದಾಕ್ಷಿಣ್ಯ ಮಾಡ್ಬೇಡಿ" ಎಂದರು. ಇದು ನೆಂಟರಿಗೆ ಹೇಳುವ ಮಾತು. ಬಡಿಸುವವರು ಬಡಿಸುವವರಿಗೆ ಹೀಗೆ ಉಪಚಾರ ಹೇಳುವುದಿಲ್ಲ. ಕೊನೆಯ ಪಂಕ್ತಿಯಲ್ಲಿ ಕೂತು, ಬೇಕಾದ್ದನ್ನು ಬಕೆಟ್ಟಿನಿಂದ ನಾವೇ ಬಗ್ಗಿಸಿಕೊಳ್ಳುತ್ತಿದ್ದೆವು. ನಾನು ಸಾಕು ಎಂದು ಕೈ ಅಡ್ಡ ಹಿಡಿದೆ.

ಊಟವಾದ ಮೇಲೆ ತಡೆಯಲಾಗಲಿಲ್ಲ. ಕೈ ತೊಳೆಯುವ ನಳ್ಳಿಯ ಹತ್ತಿರ ಅವರನ್ನು ಹಿಡಿದು ನಿಲ್ಲಿಸಿದೆ.

"ಭಾವ, ಸತ್ಯ ಹೇಳ್ತೇನೆ. ನನಗೆ ಬೆನ್ನುನೋವು ಇರ್ಲೇ ಇಲ್ಲ. ಆದಿತ್ಯವಾರ ಮನೆಯಲ್ಲಿ ಕೂತು ಜಪಾನಿನ ಫುಟ್‌ಬಾಲ್ ನೋಡ್ತಾ ಇದ್ದದ್ದು."

ಅವರು ನನ್ನನ್ನೇ ನೋಡಿದರು. ಕಣ್ಣು ತೇವವಾಯಿತು. ಒದ್ದೆ ಕೈಯನ್ನೇ ನನ್ನ ಹೆಗಲ ಮೇಲಿಟ್ಟರು.

"ಇದು ನಿಮಗೆ ಮಾತ್ರ ಆಗುದು ಭಾವ. ಬೇರೆಯವರು ಸಣ್ಣ ನೋವನ್ನು ಹಿಡ್ಕೊಂಡು ಊರಿಗೆಲ್ಲ ಹೇಳ್ತಾರೆ. ನೀವು ನನ್ನ ಮಗಳ ಜಂಬ್ರಕ್ಕೆ ಬಡಿಸ್ಬೇಕು ಅಂತ ಇದ್ದ ನೋವನ್ನೇ ಇಲ್ಲ ಅಂತೀರಿ. ಜಪಾನಂತೆ! ಸುಮತಿ, ಕೇಳಿದ್ಯಾ ಇವರು ಹೇಳುದು?"

ಸುಮತಿ ಅಲ್ಲಿಯೇ ಎಲೆಯಡಿಕೆ ಹರಿವಾಣ ಹಿಡಿದು ನಿಂತಿದ್ದಳು. "ಅವರು ಹಾಗೆಯೇ ಅಣ್ಣ" ಎಂದಳು. ನನ್ನನ್ನು ನೋಡಿದ ನೋಟದಲ್ಲಿ, ಇನ್ನೊಂದು ಅಕ್ಷರ ಮಾತಾಡಿದರೆ ಮನೆಗೆ ಹೋದ ಮೇಲೆ ಗ್ರಹಚಾರ ಉಂಟು ಎಂಬುದು ಸ್ಪಷ್ಟವಾಗಿತ್ತು. ಕೇಶವ ಭಾವ ಹೆಗಲ ಮೇಲಿನ ಕೈ ತೆಗೆಯಲಿಲ್ಲ. "ಇನ್ನೊಂದು ವರ್ಷ ಭಾರ ಎತ್ತುದು ಬೇಡ. ಆಮೇಲೆ ನೋಡುವ" ಎಂದು ತೀರ್ಪು ಕೊಟ್ಟರು.

ಸಂಜೆ ಮನೆಗೆ ಬಂದು ಮೊಬೈಲು ತೆರೆದೆ. ಹಣ್ಣಡಿಕೆಯವರು ಒಂದು ಗೋಲಿನಿಂದ ಸೋತು ಕೆಳಗಿಳಿದಿದ್ದರು. ಕಾರ್ಖಾನೆಯ ಗೋಲ್‌ಕೀಪರ್ ಎಲ್ಲರಿಗಿಂತ ಹೆಚ್ಚು ಹೊತ್ತು ತಲೆ ಬಗ್ಗಿಸಿ ನಿಂತಿದ್ದ. ಇನ್ನು ಮುಂದೆ ಅವರು ಆಡುವ ದರ್ಜೆಯ ಆಟವನ್ನು ಯಾರೂ ಮೊಬೈಲಿನಲ್ಲಿ ತೋರಿಸುವುದಿಲ್ಲವಂತೆ. ಹೀಗೆ ನನ್ನ ಆದಿತ್ಯವಾರಗಳೆಲ್ಲ ಪೂರ್ತಿ ಖಾಲಿಯಾದವು. ಬೆನ್ನು ಕಲ್ಲಿನಂತೆ ಗಟ್ಟಿಮುಟ್ಟಾಗಿದೆ, ಬೆಳಗ್ಗೆ ಎದ್ದು ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಮೊನ್ನೆ ಕೇಶವ ಭಾವ ಫೋನು ಮಾಡಿದರು. ಸುಳ್ಯದ ಹತ್ತಿರ ಒಂದು ಗೃಹಪ್ರವೇಶ ಇತ್ತು. ನಾನೂ ಬರುತ್ತೇನೆ, ನೀರಿನ ಜಗ್ಗಾದರೂ ಹಿಡಿಯುತ್ತೇನೆ ಎಂದೆ.

"ಬನ್ನಿ ಬನ್ನಿ. ಮೊದಲ ಪಂಕ್ತಿಯಲ್ಲಿ ನಿಮಗೆ ಒಂದು ಎಲೆ ಹಿಡಿದಿಡ್ಲಿಕ್ಕೆ ರಮೇಶನಿಗೆ ಹೇಳ್ತೇನೆ" ಎಂದರು.

ಹೋದೆ. ಊಟ ಚೆನ್ನಾಗಿತ್ತು ಎಂದು ಸಾಲಿನಲ್ಲಿದ್ದ ಅಜ್ಜಂದಿರೆಲ್ಲ ಹೇಳಿದರು. ನಾನೂ ಹೇಳಿದೆ.